ಪ್ರೊಸೆಸರಿಗಿಂತ ಮೊದಲು ನಾನೇ ತಣ್ಣಗಾದೆ

ನವಲಗುಂದದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲೆ ನನ್ನ ಮರ್ಯಾದೆ ಹೋಗಲು ಬೇರೆ ಮುಹೂರ್ತ ಬೇಕಾಗಿಲ್ಲ. ಬಾಗಿಲು ತೆರೆದರೆ ಸಾಕು. ಆದರೆ ಈ ವರ್ಷ ಹೋದಷ್ಟು ಎಂದೂ ಹೋಗಿರಲಿಲ್ಲ. ಶಾಲೆಯ ಕಂಪ್ಯೂಟರ್‌ಗಳು ಕಾದು ಕಾದು ತಾವೇ ಬಂದ್ ಆಗುತ್ತಿದ್ದವು. ಅವಕ್ಕೆ ಪ್ರೊಸೆಸರ್ ಫ್ಯಾನು ಹಾಕಿದವನು ನಾನು.

"ನಿಮ್ಮ ಫ್ಯಾನ್ ಚಲೋ ಅದಾವಂತ ತೋರಿಸ್ರಿ, ಇಲ್ಲಾಂದ್ರ ಹುಬ್ಬಳ್ಳಿಯವ್ರನ್ನ ಕರಸ್ತೀನಿ" ಎಂದರು ಹೆಡ್ ಮೇಡಂ.

ಅದಕ್ಕೇ ಪರೀಕ್ಷಾ ಯಂತ್ರ ಕಟ್ಟಲು ಕೂತೆ. ಪ್ರೊಸೆಸರ್ ಬದಲು ಅಲ್ಯೂಮಿನಿಯಂ ತುಂಡು, ಅದನ್ನು ಕಾಯಿಸಲು ಕಾಯಿಲ್, ಮೇಲೆ ಫ್ಯಾನು, ಬದಿಗೆ ಥರ್ಮಾಮೀಟರ್.

೧. ಬಣ್ಣ

ತುಂಡನ್ನು ನುಣುಪು ಮಾಡಲು ಪಕ್ಕದ ಲೇಥ್ ಅಂಗಡಿಯ ಕಾಕಾನಿಗೆ ಕೊಟ್ಟೆ.

"ಏನಲೇ ಇದು?"

"ಸುಳ್ಳ ಪ್ರೊಸೆಸರ್ ರೀ ಕಾಕಾ."

"ಅಂಗಡಿ ತುಂಬ ಖರೇವು ಅದಾವಲ್ಲ, ಸುಳ್ಳ ಯಾಕ ಬೇಕಾತು?"

ಕಾಕಾ ಎರಡು ದಿನ ತಿಕ್ಕಿ ಅಗದಿ ಕನ್ನಡಿ ಮಾಡಿದರು. ಆಮೇಲೆ ಪ್ರೀತಿಯಿಂದ ಅದಕ್ಕೆ ದಪ್ಪಗೆ ಹಸಿರು ಆಯಿಲ್ ಪೇಂಟ್ ಬಳಿದರು. ಬಣ್ಣವಿದ್ದರೆ ಶಾಖ ಸರಿಯಾಗಿ ಫ್ಯಾನಿಗೆ ದಾಟುವುದಿಲ್ಲ ಎಂದು ಅಳುವ ದನಿಯಲ್ಲಿ ಹೇಳಿದೆ.

ಕಾಕಾ ಬೆನ್ನು ತಟ್ಟಿದರು. "ಅಳಬ್ಯಾಡಲೇ, ಕೆಂಪ ಬಣ್ಣಾನೂ ಐತಿ."

೨. ದಾಖಲೆ

ಬಣ್ಣ ಕೆರೆದು ಕೆರೆದು ಉಗುರು ಸವೆದವು. ಕಾಯಿಲನ್ನು ಮನೆಯ ಕರೆಂಟಿಗೂ ಫ್ಯಾನನ್ನು ಬ್ಯಾಟರಿಗೂ ಜೋಡಿಸಿದೆ. ಒಮ್ಮೆ ಬಂದ ಅಂಕಿ ಇನ್ನೊಮ್ಮೆ ಬರುತ್ತಿರಲಿಲ್ಲ. ಇದು ನನ್ನ ಕೈಲಾಗದ ಕೆಲಸ ಎಂದು ತಲೆ ಹಿಡಿದುಕೊಂಡು ಕೂತಿದ್ದಾಗ, ಒಂದು ಮಧ್ಯಾಹ್ನ, ಥರ್ಮಾಮೀಟರ್ ಸರಸರ ಇಳಿಯತೊಡಗಿತು.

"ಏ, ಬಾ ಇಲ್ಲೆ! ಫ್ಯಾನ್ ಅಂದ್ರ ಇದು ನೋಡು!" ಎಂದು ಹೆಂಡತಿಯನ್ನು ಕೂಗಿದೆ.

ಅವಳು ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಲೇ ಬಂದಳು. "ಕರೆಂಟ್ ಹೋಗಿ ಅರ್ಧ ತಾಸಾತ್ರಿ."

೩. ಮೇಡಂ ಬಂದರು

ಕೊನೆಗೂ ಯಂತ್ರ ದಾರಿಗೆ ಬಂತು. ಮೂರು ದಿನ ಅಳೆದರೂ ಅದೇ ಅಂಕಿ. ನನ್ನ ಫ್ಯಾನಿನಲ್ಲಿ ಎಳ್ಳಷ್ಟೂ ದೋಷವಿಲ್ಲ. ಮೇಡಂ ಅವರನ್ನು ಕರೆಸಿ, ಚಹಾ ತರಿಸಿ, ಒಂದು ತಾಸು ವಿವರಿಸಿದೆ.

"ಹಂಗಾರ ಫ್ಯಾನಿನ ತಪ್ಪಲ್ಲ?"

"ಅಲ್ರೀ ಮೇಡಂ!" ನನ್ನ ಕಣ್ಣು ತುಂಬಿ ಬಂದವು.

"ಮೊನ್ನೇನ ಗೊತ್ತಾತ್ರಿ. ಧೂಳ ಬೀಳಬಾರ್ದಂತ ಚಾಲೂ ಇದ್ದಾಗೂ ಕಂಪ್ಯೂಟರಿಗೆಲ್ಲಾ ಜಮಖಾನಿ ಹೊಚ್ಚಿದ್ವಿ. ತಗದ ಮ್ಯಾಲೆ ಒಂದೂ ಬಂದ್ ಆಗಿಲ್ಲ."

"ನನಗೊಂದ ಮಾತು ಹೇಳಬಾರ್ದೇನ್ರಿ?"

"ಇಷ್ಟು ಹುರುಪಿನಿಂದ ಮಾಡಾಕ್ಹತ್ತಿದ್ರಿ, ಮನಸ್ಸು ಮುರೀಬಾರ್ದಂತ ಸುಮ್ನಿದ್ವಿ."

ನಾನು ಕುರ್ಚಿಯಲ್ಲಿ ಕುಸಿದೆ. ಮೇಡಂ ಆರಿದ ಚಹಾದ ಸ್ಟೀಲ್ ಲೋಟವನ್ನು ನೋಡಿದರು. ಮೆಲ್ಲಗೆ ಫ್ಯಾನು ತೆಗೆದು ಬದಿಗಿಟ್ಟು, ಲೋಟವನ್ನು ಕಾದ ತುಂಡಿನ ಮೇಲೆ ಇಟ್ಟರು. ಚಹಾ ಹಬೆಯಾಡತೊಡಗಿದ ಮೇಲೆ ಒಂದು ಗುಟುಕು ಕುಡಿದು ನನ್ನತ್ತ ತಿರುಗಿದರು.

"ನೋಡ್ರಿ, ಫ್ಯಾನ್ ಇಲ್ದನ ಚಲೋ ನಡೀತೈತಿ."