ಹರಳೆಣ್ಣೆಯೊಳಗಿನ ಗುಂಡು

ಚಳಿ ಬಂದರೆ ಸಾಕು, ಕಾಲೇಜಿನ ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ಹಿಮ್ಮಡಿ ಒಡೆದುಕೊಂಡು ಕೂರುತ್ತಿತ್ತು. ಆ ಹಿಮ್ಮಡಿಗಳಿಗೆಲ್ಲ ಭೌತಶಾಸ್ತ್ರದ ಲ್ಯಾಬಿನ ಗ್ಲಿಸರಿನ್ನೇ ಗತಿ. ಹಾಗಾಗಿ ಲ್ಯಾಬ್ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುವ ದಿನ ಅಟೆಂಡರ್ ಗುಂಡಣ್ಣ ಬೀರು ತೆಗೆದರೆ, ಡಬ್ಬದ ತಳದಲ್ಲಿ ನಾಲ್ಕು ಚಮಚ ಉಳಿದಿತ್ತು.

ಆಳು ಕಡ್ಡಿಯಷ್ಟು ಸಣಕಲು. ಮೂವತ್ತು ವರ್ಷದಿಂದ ಗ್ಲಿಸರಿನ್ ಜಾಡಿಯೊಳಗೆ ಉಕ್ಕಿನ ಗುಂಡು ಬಿಟ್ಟು ಮಕ್ಕಳಿಗೆ ಅಂತಿಮ ವೇಗ ತೋರಿಸುತ್ತಿದ್ದುದರಿಂದ ಆ ಹೆಸರು. ಇವತ್ತು ಪ್ರಯೋಗ ಕೆಟ್ಟರೆ ಲ್ಯಾಬಿಗೆ ಬೀಗ, ಅವನು ಮನೆಗೆ. ಮನೆಯಲ್ಲಾದರೂ ಯಾರಿದ್ದಾರೆ? ಹೆಂಡತಿ ತೀರಿಕೊಂಡು ಎಂಟು ತಿಂಗಳು. ಆ ಖಾಲಿ ಮನೆಯೆಂದರೆ ಅವನಿಗೆ ಎದೆ ಝಲ್ಲೆನ್ನುತ್ತಿತ್ತು.

"ಅಯ್ಯೋ, ನೀರು ಬೆರೆಸಿ ಗುಂಡಣ್ಣ, ಯಾರಿಗೆ ಗೊತ್ತಾಗುತ್ತೆ!" ಎಂದರು, ಹಿಮ್ಮಡಿ ನುಣ್ಣಗಾಗಿದ್ದ ಕ್ಲರ್ಕಮ್ಮ. ಬೆರೆಸಿದ. ಗುಂಡು ಬಸ್ಸು ಹಿಡಿಯುವವನ ಹಾಗೆ ಓಡಿ ತಳ ಸೇರಿತು.

"ತೆಳು ಆಯ್ತು ಕಣ್ರೀ, ಸಕ್ಕರೆ ಪಾಕ ಸುರೀರಿ," ಎಂದರು ಗಣಿತದ ಮೇಷ್ಟ್ರು. ಕ್ಯಾಂಟೀನಿನಿಂದ ಪಾಕ ಬಂತು. ಆರುತ್ತಲೇ ಕಲ್ಲಾಯಿತು. ಗುಂಡು ನಡುದಾರಿಯಲ್ಲೇ ಬಿಡಾರ ಹೂಡಿತು, ಇರುವೆಗಳು ಮಾತ್ರ ಸಾಲುಗಟ್ಟಿ ಬಂದವು.

"ನಿಮ್ಮ ಹಿಮ್ಮಡಿಗಿಷ್ಟು ಬೆಂಕಿ ಹಾಕ!" ಎಂದು ಗೊಣಗುತ್ತ ಗುಂಡಣ್ಣ ಮನೆಗೆ ಓಡಿದ. ಹೆಂಡತಿಯ ಮಂಡಿನೋವಿಗೆಂದು ತಂದಿದ್ದ ದೊಡ್ಡ ಹರಳೆಣ್ಣೆ ಡಬ್ಬ ಮಂಚದಡಿ ಹಾಗೇ ಇತ್ತು. ಪ್ರತಿ ಸಂಜೆ ಅವಳ ಕಾಲಿಗೆ ತಿಕ್ಕುತ್ತಿದ್ದವನು ಅವನೇ. ಅವಳು ಹೋದ ಮೇಲೆ ಅದನ್ನು ಮುಟ್ಟುವ ಧೈರ್ಯ ಬಂದಿರಲಿಲ್ಲ. ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ದುಃಖ ಉಮ್ಮಳಿಸಿ ಬಂತು. "ಇದೊಂದ್ಸಲ ಕೊಡೇ," ಎಂದು ಖಾಲಿ ಮಂಚವನ್ನು ಕೇಳಿಕೊಂಡು ಡಬ್ಬ ಎತ್ತಿ ತಂದ. ಬೇರೊಂದು ಜಾಡಿಗೆ ಒಂದು ಹನಿಯೂ ಬಿಡದೆ ಸುರಿದ.

ಇನ್‌ಸ್ಪೆಕ್ಟರ್ ಕನ್ನಡಕ ಏರಿಸಿಕೊಂಡು ಬಗ್ಗಿದರು. ಗುಂಡಣ್ಣ ಗುಂಡು ಬಿಟ್ಟ.

"ನೋಡಿ ಸಾರ್, ಭೂಮಿ ಎಳೆಯುತ್ತೆ, ಎಣ್ಣೆ ತಡೆಯುತ್ತೆ. ಎರಡೂ ಸರಿಸಮ ಆದ್ಮೇಲೆ ವೇಗ ಹೆಚ್ಚೋದೂ ಇಲ್ಲ, ಕಮ್ಮಿ ಆಗೋದೂ ಇಲ್ಲ. ಒಂದೇ ಸಮ ಇಳೀತಾ ಇರುತ್ತೆ."

ಗುಂಡು ಅಂದದಿಂದ ಇಳಿಯಿತು. ಇನ್‌ಸ್ಪೆಕ್ಟರ್ ಚಪ್ಪಾಳೆ ತಟ್ಟಿದರು. "ಭಲೇ! ಇನ್ನೊಂದ್ಸಲ ಬಿಡಿ, ಮೊಬೈಲಲ್ಲಿ ಹಿಡ್ಕೊಳ್ತೀನಿ."

ಗುಂಡಣ್ಣ ಆಯಸ್ಕಾಂತದಿಂದ ಗುಂಡನ್ನು ಮೇಲೆತ್ತಿ ಮತ್ತೆ ಬಿಟ್ಟ. ಉಳಿದೆ ಎಂದುಕೊಂಡ.

"ಇಷ್ಟು ಚೆನ್ನಾಗಿ ತೋರಿಸಿದೋರನ್ನ ನಾನು ನೋಡೇ ಇಲ್ಲ ಕಣ್ರೀ! ಈ ವಿಡಿಯೋನೇ ಎಲ್ಲ ಕಾಲೇಜಿಗೂ ಕಳಿಸಿಬಿಡ್ತೀನಿ. ಇದಿರುವಾಗ ಇನ್ನು ಲ್ಯಾಬ್ ಯಾತಕ್ಕೆ? ನಾಳೆಯಿಂದ ಬೀಗ ಹಾಕ್ಸಿ. ನೀವು ಮನೇಲಿ ಆರಾಮಾಗಿರಿ."

ಗುಂಡಣ್ಣನಿಗೆ ಕೈಯ ಎಣ್ಣೆ ಒರೆಸಿಕೊಳ್ಳುವುದೂ ಮರೆತುಹೋಯಿತು. "ಸಾರ್... ದಿನಾ ಆ ವಿಡಿಯೋ ಹಾಕೋಕಾದ್ರೂ ಯಾರಾದ್ರೂ ಬೇಕಾಗ್ತಾರಲ್ವಾ?"

"ಛೇ ಛೇ," ಎಂದರು ಇನ್‌ಸ್ಪೆಕ್ಟರ್ ಅವನ ಬೆನ್ನು ತಟ್ಟುತ್ತ, "ಅದು ತಾನಾಗೇ ಓಡುತ್ತೆ."