ಮಾವನ ಪೂಲ್ ಓಪನಿಂಗ್

ನಮ್ಮ ಸೋದರಮಾವನಷ್ಟು ನೀರಿನ ಹುಚ್ಚಿನವನು ಹೊನ್ನಾವರದಿಂದ ಕುಮಟೆಯವರೆಗೆ ಇನ್ನೊಬ್ಬನಿರಲಿಲ್ಲ. ನೀರಿಗೆ ಅವನಷ್ಟು ಹೆದರುವವನೂ ಇರಲಿಲ್ಲ! ತಲೆಗೆ ನೀರು ಹೊಯ್ದುಕೊಳ್ಳುವಾಗಲೂ ಬಚ್ಚಲ ಗೋಡೆ ಹಿಡಿದುಕೊಳ್ಳುತ್ತಿದ್ದ. ಇಂಥವನಿಗೆ ಸ್ವಂತದ್ದೊಂದು ಈಜುಕೊಳ ಬೇಕೆ?

ಬೇಕಂತೆ! ಮುಂಬಯಿಯ ಯಾರೋ ಸೇಠರ ಬಂಗಲೆಯಲ್ಲಿ ಅಡುಗೆಗಿದ್ದವನು ತನ್ನೂರು ಕರ್ಕಿಗೆ ಮರಳಿ ಮದುವೆಯಾದ. ಮನೆಗೆಂದು ಚಿರೆಕಲ್ಲು ಕಡಿದು ತೆಗೆದ ಹಿತ್ತಲ ಗುಂಡಿಗೆ ಮೆಟ್ಟಿಲು ಮಾಡಿಸಿ, ಸುತ್ತ ತೆಂಗಿನ ಮಡಲಿನ ತಟ್ಟಿ ಕಟ್ಟಿಸಿ, "ಸ್ವಿಮ್ಮಿಂಗ್ ಪೂಲ್" ಎಂದು ಹೆಸರಿಟ್ಟ. ಕೇಳಿದವರಿಗೆಲ್ಲ "ಮುಂಬೈ ಫ್ಯಾಶನ್" ಎಂದ. ಮಳೆಗಾಲ ಮುಗಿದು ನೀರು ತಿಳಿಯಾದೊಡನೆ ವರ್ಷವರ್ಷವೂ ಅದರ ಓಪನಿಂಗ್. ನವರಾತ್ರಿ ರಜೆಗೆ ಬಂದ ನಾವು ಪಾಚಿ ಕೆರೆಯಬೇಕು, ಕಪ್ಪೆಗಳನ್ನು ಬುಟ್ಟಿಯಲ್ಲಿ ತುಂಬಿ ಗದ್ದೆಗೆ ಬಿಡಬೇಕು. ನಾವು ಮನೆ ಮುಟ್ಟುವ ಮೊದಲೇ ಅವು ಮತ್ತೆ ನೀರಲ್ಲಿ ಹಾಜರು!

"ಹೋಗ್ಲಿ ಬಿಡಿ, ಹಳೇ ಮೆಂಬರುಗಳು" ಎನ್ನುತ್ತಿದ್ದ ಮಾವ.

ಒಂದು ವರ್ಷ ಭಟ್ಕಳದ ಬಟ್ಟೆ ವ್ಯಾಪಾರಿ ಸಾಹೇಬರಿಗೂ ಆಮಂತ್ರಣ ಹೋಯಿತು. ಅವರ ಮಾತಿನಲ್ಲಿ ಪೂಲ್ ಎಂದರೆ ಸೇತುವೆ! ಶರಾವತಿಯನ್ನು ದೋಣಿಯಲ್ಲೇ ದಾಟಿ ದಾಟಿ ಬೇಸತ್ತಿದ್ದ ಸಾಹೇಬರು, ಅಂತೂ ಸೇತುವೆಯಾಯಿತೆಂದು ದೊಡ್ಡ ಹಾರ ಹಿಡಿದು ಬಂದರು. ಮತ್ತೆ ಅದೇ ದೋಣಿಯಲ್ಲಿ! ಗುಂಡಿಯ ಸುತ್ತ ಒಂದು ಸುತ್ತು ಹಾಕಿ, "ಪೂಲ್ ಎಲ್ಲಿ ಅದೆ ಮಾರಾಯ್ರೆ? ಆಚೆ ದಡಕ್ಕೆ ಹೋಗೂದು ಹ್ಯಾಂಗೆ?" ಎಂದರು.

"ಸೇತುವೆ ಎಂತಕೆ ಸಾಹೇಬ್ರೆ? ಈಸ್ಕಂಡೇ ಹೋಗಿ!" ಎಂದ ಮಾವ.

ಹಾರ ಕೊನೆಗೆ ಮಾವನ ಕೊರಳಿಗೇ ಬಿತ್ತು.

ಇದನ್ನೆಲ್ಲ ಸಹಿಸಿ ಸಾಕಾದವರು ಮಾವನ ತಂದೆ, ನಮ್ಮ ಅಜ್ಜ. ಮರುವರ್ಷ ಓಪನಿಂಗ್ ದಿನ ಬಾಳೆಯ ಕಂದು ಹಿಡಿದೇ ಬಂದು ನಿಂತರು. "ಊರೆಲ್ಲ ನಗ್ತದೆ. ಇವತ್ತು ನೀ ಇಳಿದು ಈಸಿದ್ರೆ ಆತು. ಇಲ್ದಿದ್ರೆ ಮಣ್ಣು ತುಂಬಿ ಬಾಳೆ ನೆಡೂದೇ!"

ಮಾವನ ಮುಖ ಬಿಳಚಿಕೊಂಡಿತು. ಆದರೂ ಹುಡುಗರು ಈಜು ಕಲಿಯಲು ಕಟ್ಟಿಕೊಳ್ಳುವ ಒಣ ತೆಂಗಿನಕಾಯಿಯ ಜೋಡಿಯನ್ನು ಎದೆಗೆ ಬಿಗಿದು, ಕಣ್ಣು ಮುಚ್ಚಿ ಹಾರಿಯೇಬಿಟ್ಟ. ಹಗ್ಗ ಜಾರಿತು. ಕಾಯಿಗಳು ಸೀದಾ ಕಾಲಿಗೆ! ಮೇಲೆ ಎರಡು ಪಾದ, ಕೆಳಗೆ ಮಾವ! ನಾವು ಬಿದ್ದು ಬಿದ್ದು ನಕ್ಕೆವು. ಪಾದಗಳು ಒದ್ದಾಡತೊಡಗಿದಾಗ ಎದ್ದು ಮೆಟ್ಟಿಲ ಕಡೆ ಓಡಿದೆವು.

ಅಷ್ಟರಲ್ಲಿ ಧುಮುಕಿದವಳು ಅತ್ತೆ. ಎತ್ತರದ ದನಿಯಲ್ಲಿ ಮಾತೂ ಆಡದ ಅತ್ತೆ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡವಳೇ ಗಂಡನ ಜುಟ್ಟು ಹಿಡಿದು ಮೆಟ್ಟಿಲಿಗೆ ಎಳೆದು ತಂದಳು. ಅವನಿಗೆ ಉಸಿರು ಬಂತೆಂದು ನೋಡಿಕೊಂಡಳು. ಆದರೆ ತಾನು ಮೇಲೆ ಹತ್ತಲಿಲ್ಲ. ಒಂದು ಕ್ಷಣ ತಡೆದು, ತಿರುಗಿ, ಮೀನಿನ ಹಾಗೆ ಆಚೆ ದಡಕ್ಕೆ ಹೋಗಿಬಿಟ್ಟಳು.

ಮಾವ ಕೆಮ್ಮುತ್ತ ಹೇಳಿದ: "ಅಪ್ಪಯ್ಯ, ಈ ಪೂಲು ನಂಗಲ್ಲ, ಇವ್ಳಿಗೆ. ಕಾಗಾಲದಲ್ಲಿ ಹೊಳೆ ಬದಿಗೇ ಬೆಳೆದವ್ಳು. ಇಲ್ಲಿ ಬಂದ್ಮೇಲೆ ನೀರು ಅಂದ್ರೆ ಕೊಡಪಾನದ್ದೇ ಆಯ್ತು. ಸೊಸೆ ಈಸ್ತಾಳೆ ಅಂದ್ರೆ ನೀವು ಬಿಡ್ತಿದ್ರಾ? ಅದಕೇ ಮುಂಬೈ ಫ್ಯಾಶನ್ ಅಂದೆ, ತಟ್ಟಿ ಮರೆಗೆ ಒಂದಿನ ಇಳೀಲಿ ಅಂತ."

ಅಜ್ಜ ಕೈಲಿದ್ದ ಬಾಳೆಗಿಡವನ್ನು ತಟ್ಟಿಗೆ ಒರಗಿಸಿಟ್ಟರು. ಆಮೇಲೆ ನಮ್ಮ ಕಡೆ ತಿರುಗಿ ಗದರಿದರು: "ಹೆಂಗಸ್ರು ಈಸೂವಲ್ಲಿ ನಿಮಗೆ ಎಂತ ಕೆಲ್ಸ? ನಡೀರಿ ಎಲ್ಲ!"

ಎಲ್ಲರಿಗಿಂತ ಮುಂದೆ ತಾವೇ ಹೊರಟರು. ಒದ್ದೆ ಪಂಚೆಯ ಮಾವ ತಟ್ಟಿಯ ಬಾಗಿಲೆಳೆದು, ನೀರಿಗೆ ಬೆನ್ನು ಹಾಕಿ ಕಾವಲು ಕೂತ. ನನಗೆ ಅವನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು. ಒಳಗಿನಿಂದ ನೀರು ಬಡಿಯುವ ಸದ್ದಿನ ನಡುವೆ ಒಂದು ನಗು ಕೇಳಿಸಿತು. ಅತ್ತೆ ಅಷ್ಟು ಜೋರಾಗಿ ನಗುತ್ತಾಳೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.