ನನ್ನ ಹಿಂಗಾರಿ ಸ್ವೀಡಿಷ್

ಯಾವ ಕೆಲಸವನ್ನಾದರೂ ಶುರು ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಇಂಡಿ ತಾಲ್ಲೂಕಿನಲ್ಲಿ ಇರಲಾರರು. ಯೋಗಾಸನ, ಹಾರ್ಮೋನಿಯಂ, ಸಕ್ಕರೆಯಿಲ್ಲದ ಚಹಾ ಎಲ್ಲವನ್ನೂ ಒಳ್ಳೆಯ ದಿನ ನೋಡಿಯೇ ಆರಂಭಿಸಿದ್ದೇನೆ. ಮುಂದುವರಿಸುವುದು ಮಾತ್ರ ನನ್ನ ಜಾತಕದಲ್ಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಈಗ ನನ್ನ ಹೆಂಡತಿ ಶಾಂತಾ ಮಡಿಚಿದ ಕೌದಿಗಳನ್ನು ಇಡುತ್ತಾಳೆ. ಹೀಗಿರುವಾಗ ನಾನು ಸ್ವೀಡಿಷ್ ಭಾಷೆಗೆ ಕೈ ಹಾಕಿದೆ. ಅದಕ್ಕೆ ಕಾರಣ ನಮ್ಮ ಬೀಗತಿ.

ಮಗಳು ವಿಜಯಾ ಸ್ವೀಡನ್ನಿಗೆ ಓದಲು ಹೋಗಿ, ಅಲ್ಲಿನ ಎರಿಕ್ ಎಂಬ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅವನ ತಾಯಿ ಇಂಗ್ರಿಡ್ ನಮಗೆ ಬೀಗತಿಯಾದರು. ಎಳ್ಳಮಾವಾಸ್ಯೆಗೆ ಅವರೆಲ್ಲ ನಮ್ಮೂರಿಗೆ ಬರುವುದೆಂದು ಯುಗಾದಿಯ ಹೊತ್ತಿಗೇ ತೀರ್ಮಾನವಾಯಿತು. ಫೋನಿನಲ್ಲಿ ನಮ್ಮ ನಡುವೆ ವಿಜಯಾ ದುಭಾಷಿ. ನಾನು ಐದು ಮಾತಾಡಿದರೆ ಅವಳು ಎರಡನ್ನು ಮಾತ್ರ ದಾಟಿಸುತ್ತಾಳೆ, ಅದೂ ನನ್ನ ಒಳ್ಳೆಯ ಮಾತುಗಳನ್ನು ಬಿಟ್ಟು. ಮಗಳನ್ನು ಕೊಟ್ಟ ಮನೆಯವರನ್ನು ನನ್ನ ಬಾಯಿಂದಲೇ, ಅವರ ಮಾತಿನಲ್ಲೇ ಉಪಚರಿಸಬೇಕೆಂಬ ಹಟ ನನಗೆ ಹುಟ್ಟಿತು. ಪರದೇಶದ ಹೆಣ್ಣುಮಗಳು ನಮ್ಮ ಹೊಲದಲ್ಲಿ ಕುಳಿತು ಪರಕೀಯಳಾಗಬಾರದು ಎಂಬ ಆಸೆ ನಿಜಕ್ಕೂ ಇತ್ತು.

ಯುಗಾದಿಯ ಮರುದಿನ ಬೇಸಿಗೆಯ ದಿನಚರಿ ಹಾಕಿಕೊಂಡೆ. ನಸುಕಿನಲ್ಲೆದ್ದು ಅಂಗಳದಲ್ಲಿ ಮೊಬೈಲ್ ಪಾಠ. ಬಿಸಿಲು ಏರಿದಂತೆ ನಿದ್ದೆಯೂ ಏರಿ ಅದು ಕೆಟ್ಟಿತು. ಮೃಗಶಿರ ಮಳೆಗೆ ಹೊಸ ದಿನಚರಿ: ಲಿಂಬಿಯ ತೋಟದಲ್ಲಿ ತಿರುಗಾಡುತ್ತ ಕಿವಿಯಲ್ಲಿ ಪಾಠ ಕೇಳುವುದು. ಮುಳ್ಳಿಗೆ ಸಿಕ್ಕು ಇಯರ್‌ಫೋನ್ ಹರಿಯಿತು. ಆಮೇಲೆ ಹಿಂಗಾರಿ ಬಿತ್ತನೆಯ ಹೊತ್ತಿಗೆ ನನಗೆ ಜ್ಞಾನೋದಯವಾಯಿತು. ಅದು ಚಳಿ ದೇಶದ ಭಾಷೆ, ಚಳಿಗಾಲದಲ್ಲೇ ಹತ್ತೀತು. ಬಿಳಿಜೋಳದ ಜೊತೆಗೆ ನಾನು ಸ್ವೀಡಿಷನ್ನೂ ಹೊಸದಾಗಿ ಬಿತ್ತಿಕೊಂಡೆ. ಪ್ರತಿ ಸಲವೂ ಹೊಸ ದಿನಚರಿಯೆಂದರೆ ಮೊದಲ ಪಾಠದಿಂದಲೇ ಆರಂಭವಲ್ಲವೇ? ಮೊದಲ ಪಾಠದಲ್ಲಿ ಒಬ್ಬ ಹುಡುಗ ಸೇಬು ತಿನ್ನುತ್ತಾನೆ. ರೊಟ್ಟಿ ಬಡಿಯುತ್ತಿದ್ದ ಶಾಂತಾ ಒಂದು ದಿನ ಕೇಳಿದಳು: “ಆ ಹುಡುಗ ಯುಗಾದಿಯಿಂದ ಸೇಬು ತಿನ್ನಾಕತ್ತಾನ್ರಿ. ಇನ್ನೂ ಮುಗದಿಲ್ಲೇನ್ರಿ?”

ಎಳ್ಳಮಾವಾಸ್ಯೆ ಬಂತು, ಬೀಗರೂ ಬಂದರು. ಹೊಲದಲ್ಲಿ ಪೂಜೆ ಮಾಡಿ, ಎಡೆಯ ಅಡುಗೆಯನ್ನು ಬೆಳೆಗೆಲ್ಲ ಚರಗ ಚೆಲ್ಲಿ, ಬನ್ನಿಮರದ ನೆರಳಲ್ಲಿ ಊಟಕ್ಕೆ ಕುಳಿತೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ವಿಜಯಾ ಬೇಗ ಉಂಡು ಗಂಡನಿಗೆ ಬಾವಿ ತೋರಿಸಲು ಹೋದಳು. ಬೀಗತಿ ಹೋಳಿಗೆ ಮುಗಿಸಿದರು. ನಾನು ಇನ್ನೊಂದನ್ನು ಹಿಡಿದು ಬಾಗಿದೆ. ಅವರು ನಕ್ಕು, ತಾಟಿಗೆ ಕೈ ಅಡ್ಡ ಹಿಡಿದು, “ನೆಯ್ ತಕ್” ಎಂದರು.

ನನಗೆ ಅರ್ಥವಾಯಿತು. ಮೂರು ಹಂಗಾಮಿನ ದುಡಿಮೆ ಫಲ ಕೊಟ್ಟಿತ್ತು. ‘ಬೇಡ, ಧನ್ಯವಾದ’ ಎಂದರ್ಥ. ಕಣ್ಣಲ್ಲಿ ನೀರೇ ಬಂತು. ಆ ಸಂತೋಷದಲ್ಲಿ ಹೋಳಿಗೆಯನ್ನು ಅವರ ತಾಟಿಗೆ ಹಾಕಿ ಮೇಲೆ ತುಪ್ಪ ಸುರಿದೆ. ನಮ್ಮಲ್ಲಿ ಬೀಗರು ಕೇಳಿದ ಕೂಡಲೇ ಹೂಂ ಎನ್ನುವುದುಂಟೇ? ಬೇಡವೆನ್ನುವುದು ಅವರ ಮರ್ಯಾದೆ, ಬಡಿಸುವುದು ನಮ್ಮ ಮರ್ಯಾದೆ. ಬೀಗತಿ ಪಾಪ, ತಾಟಿನಲ್ಲಿ ಬಿದ್ದದ್ದನ್ನು ಬಿಡಬಾರದೆಂದು ಕಲಿತು ಬೆಳೆದವರು. ತಿಂದು ಮುಗಿಸಿದರು. “ತಾಟ ಖಾಲಿ ಐತಿ, ನೋಡ್ರಿ” ಎಂದಳು ಶಾಂತಾ. ಮತ್ತೆ ನೆಯ್ ತಕ್, ಮತ್ತೆ ಹೋಳಿಗೆ. ಹೀಗೆ ನಮ್ಮ ಉಪಚಾರವೂ ಅವರ ಸಂಸ್ಕಾರವೂ ಹಟಕ್ಕೆ ಬಿದ್ದವು.

ಬಾವಿಯಿಂದ ಮರಳಿದ ವಿಜಯಾ, ಚಾಪೆಯ ಮೇಲೆ ಉಸಿರು ಬಿಗಿಹಿಡಿದು ಮಲಗಿದ್ದ ಅತ್ತೆಯನ್ನು ಕಂಡು ಗಾಬರಿಯಾದಳು.

“ಅಪ್ಪಾ, ಅವರು ಬ್ಯಾಡ ಅಂದದ್ದು ನಿಮಗ ತಿಳೀಲಿಲ್ಲೇನು?”

“ಛಲೋ ತಿಳೀತವಾ. ಸಂಕೋಚಕ್ಕ ಅಂತಾರ ಅಂತ ಮಾಡಿದ್ದೆ.”

“ಅವರ ಕಡಿ ಬ್ಯಾಡ ಅಂದ್ರ ಬ್ಯಾಡಪ್ಪಾ.”

ಸೇಬಿನ ಹುಡುಗನನ್ನು ಬಿಟ್ಟರೆ ಇಡೀ ಭಾಷೆಯಲ್ಲಿ ನನಗೆ ತಿಳಿದ ಒಂದೇ ಮಾತನ್ನು ನಾನು ನಂಬಿರಲಿಲ್ಲ. ನಾಚಿಕೆಯಾಯಿತು. ಬೀಗತಿ ದೊಡ್ಡ ಮನಸ್ಸಿನವರು. ಓಮಿನ ಕಷಾಯ ಕುಡಿದು ಎದ್ದು ಕುಳಿತು, ಬೇಸಿಗೆಗೆ ನೀವು ನಮ್ಮಲ್ಲಿಗೆ ಬನ್ನಿ ಎಂದರು.

ಹೋದೆವು. ದಾರಿಯುದ್ದಕ್ಕೂ ಉಚ್ಚಾರಣೆ ತಿದ್ದಿಕೊಂಡೆ. ನಾವು ಸಸ್ಯಾಹಾರಿಗಳೆಂದು ಬೀಗತಿ ಬೆಣ್ಣೆ ಹಾಕಿ ಬೇಯಿಸಿದ ಬಟಾಟಿ, ಹಣ್ಣಿನ ಸಿಹಿ ಎಲ್ಲ ಮಾಡಿದ್ದರು. ಹೊಟ್ಟೆ ಹಸಿದು ತಾಳ ಹಾಕುತ್ತಿತ್ತು. ಬಟಾಟಿಯ ಪಾತ್ರೆ ಹಿಡಿದು ನನ್ನ ಬಳಿಗೇ ಮೊದಲು ಬಂದರು. ಬೀಗರ ಮನೆಯ ಮೊದಲ ಊಟ. ಒಮ್ಮೆಲೇ ಹೂಂ ಎನ್ನಲು ನಾಲಿಗೆ ಏಳಲಿಲ್ಲ. ತಾಟಿಗೆ ಕೈ ಅಡ್ಡ ಹಿಡಿದು, ಅಚ್ಚ ಸ್ವೀಡಿಷಿನಲ್ಲಿ “ನೆಯ್ ತಕ್” ಎಂದು ಒತ್ತಾಯಕ್ಕಾಗಿ ಕಾದೆ.

ಬೀಗತಿ ಗೌರವದಿಂದ ತಲೆಯಾಡಿಸಿ ಪಾತ್ರೆಯನ್ನು ಶಾಂತಾಳ ಕಡೆ ಒಯ್ದರು. ಒಂದಕ್ಷರ ಸ್ವೀಡಿಷ್ ಬಾರದ ಶಾಂತಾ ಸುಮ್ಮನೆ ತಾಟು ಮುಂದೆ ಹಿಡಿದಳು. ಹಣ್ಣಿನ ಸಿಹಿಯ ಸರದಿಯಲ್ಲೂ ಹೀಗೇ ಆಯಿತು. ಒಮ್ಮೆ ಬೇಡವೆಂದವನು ಈಗ ಬೇಕೆಂದರೆ ಏನೆಂದುಕೊಂಡಾರು? ನಾನು ಮಗಳ ಮುಖ ನೋಡಿದೆ, ಮಗಳು ಕಿಟಕಿ ನೋಡಿದಳು. ಕೊನೆಗೆ ಬೀಗತಿ ಏನೋ ಹೇಳಿದ್ದನ್ನು, ಜೀವಮಾನದಲ್ಲಿ ಮೊದಲ ಬಾರಿ, ಒಂದಕ್ಷರವೂ ಬಿಡದೆ ದಾಟಿಸಿದಳು: “ನಿಮ್ಮ ಉಚ್ಚಾರ ಭಾಳ ಛಲೋ ಐತಂತ, ಅಪ್ಪಾ. ಮತ್ತ ಇಷ್ಟ ಕಡಿಮಿ ಉಣ್ಣವರನ್ನ ಅವರು ನೋಡೇ ಇಲ್ಲಂತ.”

ಊರಿಗೆ ಮರಳಿ ಈ ಹಿಂಗಾರಿಗೆ ಮತ್ತೆ ಹೊಸ ದಿನಚರಿ ಹಾಕಿಕೊಂಡಿದ್ದೇನೆ, ವಾಡಿಕೆಯಂತೆ ಮೊದಲ ಪಾಠದಿಂದಲೇ. ಸೇಬು ತಿನ್ನುವ ಆ ಹುಡುಗನ ಮೇಲೆ ನನಗೀಗ ಬಹಳ ಗೌರವ ಬಂದಿದೆ. ಯಾರೋ ಸೇಬು ತಂದು ಕೇಳಿದಾಗ ಅವನು ಮೊದಲ ಸಲವೇ ಹೂಂ ಎಂದಿರಬೇಕು.